ಆಟದ ಗಣಕವೂ ಅಳತೆಯ ಅಭ್ಯಾಸವೂ

ಯಂತ್ರವೊಂದು ಮಂದವಾಯಿತೆಂದರೆ ಅದಕ್ಕೆ ಶಕ್ತಿ ಸಾಲದಾಯಿತೆಂದು ಭಾವಿಸುವುದು ನಮ್ಮ ಜನರಲ್ಲಿ ಬೇರೂರಿರುವ ನಂಬಿಕೆ. ಮನೆಯ ಮೇಜಿನ ಮೇಲಿನ ಕಂಪ್ಯೂಟರಿನ ವಿಷಯದಲ್ಲಿ ಈ ನಂಬಿಕೆಯು ಇಂದು ಅನೇಕ ಸಂಸಾರಗಳ ಹಣವನ್ನು ನುಂಗುತ್ತಿದೆ. ಮಗನು ಆಡುವ ಆಟ ಪರದೆಯ ಮೇಲೆ ತಡೆತಡೆದು ಓಡುತ್ತದೆ; ಯಾರೋ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆನ್ನುತ್ತಾರೆ; ತಂದೆ ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ತೆರುತ್ತಾನೆ; ಆಟ ಮೊದಲಿನಂತೆಯೇ ಎಡವುತ್ತದೆ. ದಾವಣಗೆರೆಯ ವಿನೋಬನಗರದಂಥ ಬಡಾವಣೆಯಲ್ಲಿ ಹೀಗಾಗುವುದು ಆಶ್ಚರ್ಯದ ಸಂಗತಿಯಲ್ಲ. ಇಂಥ ವ್ಯರ್ಥ ವ್ಯಯಕ್ಕೆ ಯಂತ್ರದ ದೋಷಕ್ಕಿಂತಲೂ, ಅಳೆಯದೆ ನಿರ್ಣಯಿಸುವ ನಮ್ಮ ಅಭ್ಯಾಸವೇ ಹೆಚ್ಚಿನ ಕಾರಣವೆಂದು ನಾವು ಹೇಳಬಯಸುತ್ತೇವೆ.

ಪರದೆಯ ಮೇಲೆ ಕಾಣುವ ಚಲನೆ, ಸಿನಿಮಾದಲ್ಲಿರುವಂತೆಯೇ, ಸ್ಥಿರಚಿತ್ರಗಳ ಒಂದು ಸಾಲು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸಾಕು. ಅವೆಲ್ಲ ಮೊದಲೇ ಸಿದ್ಧವಾಗಿರುತ್ತವೆ. ಆಟದಲ್ಲಾದರೋ ಸೆಕೆಂಡಿಗೆ 60 ಚಿತ್ರಗಳಾದರೂ ಬೇಕೆಂದು ಆಟಗಾರರು ಬಯಸುತ್ತಾರೆ. ಆಡುವವನ ಕೈ ಹೇಗೆ ಚಲಿಸುವುದೋ ಹಾಗೆ ಪ್ರತಿಯೊಂದು ಚಿತ್ರವನ್ನೂ ಆ ಕ್ಷಣದಲ್ಲಿಯೇ ಲೆಕ್ಕ ಹಾಕಿ ಬರೆಯಬೇಕು. ಒಂದು ಚಿತ್ರಕ್ಕೆ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಈ ಕೆಲಸವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಯಾವ ವಸ್ತು ಎಲ್ಲಿದೆ, ಏನಾಗಬೇಕು ಎಂಬುದನ್ನು ಪ್ರೊಸೆಸರ್ ನಿರ್ಧರಿಸುತ್ತದೆ. ಅದನ್ನು ಬಣ್ಣ ಬೆಳಕುಗಳಲ್ಲಿ ಬರೆಯುವ ಹೊಣೆ ಗ್ರಾಫಿಕ್ಸ್ ಕಾರ್ಡಿನದು.

ನಮ್ಮ ಊರಿನ ಬೆಣ್ಣೆದೋಸೆಯ ಹೋಟೆಲನ್ನು ನೆನೆಯೋಣ. ಹಿಟ್ಟು ರುಬ್ಬುವ ಯಂತ್ರ ಎಷ್ಟೇ ವೇಗದ್ದಾದರೂ ಒಲೆಯ ಮೇಲೆ ಇರುವುದು ಒಂದೇ ಹೆಂಚಾದರೆ, ಗಿರಾಕಿಗೆ ದೋಸೆ ಬೇಗ ದೊರೆಯದು. ಗಣಕದಲ್ಲಿಯೂ ಇದೇ ನ್ಯಾಯ. ಪ್ರೊಸೆಸರಿಗೆ ಒಂದು ಚಿತ್ರದ ಕೆಲಸಕ್ಕೆ 20 ಮಿಲಿಸೆಕೆಂಡು, ಗ್ರಾಫಿಕ್ಸ್ ಕಾರ್ಡಿಗೆ 12 ಮಿಲಿಸೆಕೆಂಡು ಬೇಕೆಂದಿಟ್ಟುಕೊಳ್ಳಿ. ಒಂದು ಚಿತ್ರವನ್ನು ಕಾರ್ಡು ಬರೆಯುತ್ತಿರುವಾಗಲೇ ಮುಂದಿನದನ್ನು ಪ್ರೊಸೆಸರ್ ಸಿದ್ಧಪಡಿಸುವುದರಿಂದ, ನಿಧಾನವಾದವನ ವೇಗವೇ ಎಲ್ಲರ ವೇಗವಾಗಿ, ಸೆಕೆಂಡಿಗೆ 50 ಚಿತ್ರಗಳು ಬರುತ್ತವೆ. ಈಗ ಹಣ ಸುರಿದು, 6 ಮಿಲಿಸೆಕೆಂಡಿನಲ್ಲಿಯೇ ಕೆಲಸ ಮುಗಿಸುವ ಕಾರ್ಡನ್ನು ತಂದರೆ ಎಷ್ಟು ಚಿತ್ರಗಳು ಬಂದಾವು? ಅದೇ 50. ಕೆಲಸದ ಒಂದು ಭಾಗವನ್ನು ಮಾತ್ರ ಚುರುಕುಗೊಳಿಸಿದರೆ ದೊರೆಯುವ ಲಾಭಕ್ಕೆ ಉಳಿದ ಭಾಗವು ಮಿತಿ ಹಾಕುತ್ತದೆಂದು ಜೀನ್ ಆಮ್ಡಾಲ್ 1967ರಲ್ಲಿಯೇ ಎತ್ತಿ ತೋರಿಸಿದ್ದನು.

ಹಾಗಾದರೆ ನಿಧಾನವಾದವನು ಯಾರೆಂದು ತಿಳಿಯುವುದು ಹೇಗೆ? ಕಾಸಿನ ಖರ್ಚಿಲ್ಲದ ಪ್ರಯೋಗವೊಂದಿದೆ. ಆಟದ ಚಿತ್ರದ ಅಳತೆಯನ್ನು 1920×1080 ಬಿಂದುಗಳಿಂದ 1280×720ಕ್ಕೆ ಇಳಿಸಿ, ಉಳಿದುದೆಲ್ಲವನ್ನೂ ಇದ್ದಂತೆಯೇ ಬಿಡಬೇಕು. ಬರೆಯಬೇಕಾದ ಬಿಂದುಗಳು 20,73,600ರಿಂದ 9,21,600ಕ್ಕೆ ಇಳಿಯುತ್ತವೆ; ಅಂದರೆ ಕಾರ್ಡಿನ ಹೊರೆ ಬಹುಮಟ್ಟಿಗೆ ಹಗುರವಾಗುತ್ತದೆ, ಪ್ರೊಸೆಸರಿನ ಹೊರೆ ಹೆಚ್ಚುಕಡಮೆ ಹಾಗೆಯೇ ಇರುತ್ತದೆ. ಸೆಕೆಂಡಿನ ಚಿತ್ರಸಂಖ್ಯೆ ಚೆನ್ನಾಗಿ ಏರಿದರೆ ತಡೆಯು ಕಾರ್ಡಿನಲ್ಲಿದೆ. ಏರದಿದ್ದರೆ ಹೊಸ ಕಾರ್ಡಿಗೆ ತೆರುವ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಎರಡನೆಯ ಶಂಕಿತನು ಉಷ್ಣ. ಆಟದ ಮೊದಲ ಹತ್ತು ನಿಮಿಷ ಎಲ್ಲವೂ ಸೊಗಸಾಗಿದ್ದು ಅನಂತರ ವೇಗ ಕುಸಿದರೆ, ಅಥವಾ ಡಿಸೆಂಬರಿನಲ್ಲಿ ಸರಿಯಾಗಿದ್ದುದು ಏಪ್ರಿಲಿನಲ್ಲಿ ಕೆಟ್ಟರೆ, ಮೊದಲು ಉಷ್ಣವನ್ನೇ ಶಂಕಿಸತಕ್ಕದ್ದು. ಪ್ರೊಸೆಸರಿನ ಉಷ್ಣತೆಯು ಕೋಣೆಯ ಗಾಳಿಯ ಉಷ್ಣತೆಗಿಂತ ಇಂತಿಷ್ಟು ಡಿಗ್ರಿ ಮೇಲಿರುತ್ತದೆ. ಆ ಅಂತರವನ್ನು ನಿರ್ಧರಿಸುವುದು ಅದು ಬಳಸುವ ವಿದ್ಯುಚ್ಛಕ್ತಿ ಮತ್ತು ಉಷ್ಣ ಹೊರಹೋಗುವ ದಾರಿಯ ಸೌಕರ್ಯ. ಚಳಿಗಾಲದ ಮುಂಜಾನೆ 20 ಡಿಗ್ರಿಯ ಕೋಣೆಯಲ್ಲಿ 80 ಡಿಗ್ರಿ ಸೆಲ್ಸಿಯಸ್ ಇದ್ದ ಪ್ರೊಸೆಸರ್, ಬೇಸಗೆಯಲ್ಲಿ 36 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 96ರ ಸಮೀಪ ಮುಟ್ಟುತ್ತದೆ. ಇಂದಿನ ಅನೇಕ ಪ್ರೊಸೆಸರುಗಳ ಮಿತಿ 95ರಿಂದ 100 ಡಿಗ್ರಿ. ಮಿತಿ ಸಮೀಪಿಸಿದೊಡನೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗ ತಗ್ಗಿಸುತ್ತದೆ. ಒಳಗಿನ ಮಂಡಲಗಳು ಮಿಡಿಯಲು ಬೇಕಾಗುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೂ ಮಿಡಿತದ ಆವೃತ್ತಿಗೂ ಅನುಗುಣವಾಗಿರುವುದರಿಂದ, ಇವೆರಡನ್ನೂ ಹತ್ತನೆಯ ಒಂದು ಭಾಗ ಇಳಿಸಿದರೆ ಆ ಶಕ್ತಿ ಶೇಕಡಾ 27ರಷ್ಟು ಕಡಮೆಯಾಗುತ್ತದೆ. ಯಂತ್ರ ಕೆಟ್ಟಿಲ್ಲ, ಬುದ್ಧಿವಂತಿಕೆಯಿಂದ ಉಸಿರು ಬಿಗಿಹಿಡಿದಿದೆ. ಅದಕ್ಕೆ ಬೇಕಾದುದು ಹೊಸ ಭಾಗವಲ್ಲ, ಗಾಳಿ. ಗಣಕವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು ಧೂಳನ್ನು ಊದಿ ತೆಗೆಯುವುದು, ಪೆಟ್ಟಿಗೆಯನ್ನು ಗೋಡೆಯ ಮೂಲೆಯಿಂದ ಹೊರಗೆಳೆಯುವುದು, ಇಷ್ಟರಿಂದಲೇ ಅನೇಕ ವೇಳೆ ಗುಣ ಕಂಡುಬರುತ್ತದೆ.

ಇನ್ನು ಕೆಲವು ದೋಷಗಳು ನಗು ಬರಿಸುವಷ್ಟು ಸರಳವಾದುವು. ಪರದೆಯ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸದೆ ಮದರ್‌ಬೋರ್ಡಿಗೆ ಸಿಕ್ಕಿಸಿದ್ದರೆ, ದುಬಾರಿಯ ಕಾರ್ಡು ಒಳಗೆ ಸುಮ್ಮನೆ ಕುಳಿತಿರಬಹುದು. ಸೆಕೆಂಡಿಗೆ 144 ಬಾರಿ ಹೊಸದಾಗಬಲ್ಲ ಪರದೆಯು 60ಕ್ಕೇ ನಿಗದಿಯಾಗಿರಬಹುದು. ಡಿಡಿಆರ್4-3200 ಜಾತಿಯ ಒಂದೇ ಮೆಮೊರಿ ಪಟ್ಟಿ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಸಾಗಿಸಬಲ್ಲದು. ಎರಡು ಪಟ್ಟಿಗಳನ್ನು ತಕ್ಕ ಗೂಡುಗಳಲ್ಲಿ ಇಟ್ಟರೆ ಆ ಗರಿಷ್ಠ ಮಿತಿ ಇಮ್ಮಡಿಯಾಗುತ್ತದೆ.

ಅಂತರ್ಜಾಲದ ಮೂಲಕ ಹಲವರು ಕೂಡಿ ಆಡುವ ಆಟದಲ್ಲಿ ಚಿತ್ರಸಂಖ್ಯೆ ಸರಿಯಾಗಿದ್ದೂ ಪಾತ್ರಗಳು ಜಿಗಿಜಿಗಿದು ಕಾಣಿಸಿದರೆ, ದೋಷ ಗಣಕದ್ದಲ್ಲದೆ ಮಾರ್ಗದ್ದಾಗಿರುವ ಸಂಭವವೇ ಹೆಚ್ಚು. ದಾವಣಗೆರೆಯಿಂದ ಮುಂಬಯಿಗೆ ನೇರ ದೂರ ಸುಮಾರು 600 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ ಅಲ್ಲಿನ ಸರ್ವರಿಗೆ ಹೋಗಿಬರಲು ಕಡಮೆಯೆಂದರೂ 6 ಮಿಲಿಸೆಕೆಂಡು ಬೇಕು. ಅಳೆದಾಗ ಅದು 100 ಎಂದು ಬಂದರೆ, ಉಳಿದ ಕಾಲ ಎಲ್ಲಿ ಕಳೆಯಿತೆಂದು ದಾರಿಯನ್ನು ವಿಚಾರಿಸಬೇಕೇ ಹೊರತು ಗ್ರಾಫಿಕ್ಸ್ ಕಾರ್ಡನ್ನಲ್ಲ.

ಇಷ್ಟೆಲ್ಲ ವಿಚಾರ ಅಂಗಡಿಯವರಿಗೆ ತಿಳಿದಿರುವುದಿಲ್ಲವೇ ಎಂದು ವಾಚಕರು ಕೇಳಬಹುದು. ಬಲ್ಲವರು ಖಂಡಿತವಾಗಿಯೂ ಇದ್ದಾರೆ. ಆದರೆ ತಂಪಾದ ಅಂಗಡಿಯಲ್ಲಿ ಐದು ನಿಮಿಷ ಓಡಿಸಿ ನೋಡಿದವರಿಗೆ, ಮನೆಯ ಬಿಸಿ ಕೋಣೆಯಲ್ಲಿ ಅರ್ಧ ಗಂಟೆಯ ತರುವಾಯ ಆಗುವುದು ಕಾಣಿಸದು. ಆಟವೆಂಬುದೇ ಕಾಲಹರಣ, ಅದಕ್ಕೇಕೆ ವಿಜ್ಞಾನ ಎನ್ನುವ ಹಿರಿಯರೂ ಉಂಟು. ಆಟ ಎಷ್ಟು ಹೊತ್ತು ಇರಬೇಕೆಂಬುದು ಮನೆಯವರ ವಿವೇಚನೆಗೆ ಬಿಟ್ಟುದು. ಆದರೆ ಹುಡುಗನೊಬ್ಬನು ಉತ್ತರ ಬೇಕೇ ಬೇಕೆಂದು ಹಟ ಹಿಡಿದಿರುವ ಪ್ರಶ್ನೆ ಇದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕವನ್ನು ತೂಗಿಸುವ ವಿದ್ಯಾರ್ಥಿಗೆ ಉತ್ತರ 980ರ ಸಮೀಪ ಬರಬೇಕೆಂಬುದು ಮೊದಲೇ ಗೊತ್ತು. ಬಾರದಿದ್ದರೆ ಬರಿಸುವ ಉಪಾಯವೂ ಗೊತ್ತು. ತನ್ನ ಗಣಕ ಏಕೆ ಮಂದವಾಯಿತೆಂಬುದರ ಉತ್ತರವು ಯಾವ ಪುಸ್ತಕದ ಹಿಂಬದಿಯಲ್ಲಿಯೂ ಅಚ್ಚಾಗಿಲ್ಲ. ಆದಕಾರಣ ಭೌತಶಾಸ್ತ್ರದ ಅಧ್ಯಾಪಕರು ಇಂಥ ಸಮಸ್ಯೆಯನ್ನು ಪ್ರಯೋಗಪಾಠವಾಗಿ ಕೊಡಲು ಹಿಂಜರಿಯಬಾರದೆಂಬುದು ನಮ್ಮ ಆಗ್ರಹ.

ಅಳತೆಯ ಶಿಸ್ತು ನಮ್ಮ ನೆಲಕ್ಕೆ ಹೊಸದೇನಲ್ಲ. ನೆರೆಯ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿತು. ಕಾರ್ಖಾನೆ ಮುಚ್ಚಿಹೋಗಿದ್ದರೂ, ಅಳೆಯದೆ ಲೋಹವನ್ನು ಕೊರೆಯಬಾರದೆಂಬ ಆ ಕಸುಬಿನ ನಿಯಮ ಇಂದಿಗೂ ಸಲ್ಲುತ್ತದೆ.

ಅಳೆದ ಮೇಲೆ ಕಾರ್ಡೇ ಹಳೆಯದಾಯಿತೆಂದು ತೋರಿಬಂದರೆ ಸಂತೋಷದಿಂದ ಕೊಳ್ಳಬಹುದು. ಆ ಹಣ ಸಾರ್ಥಕ. ಅಲ್ಲಿಯವರೆಗೆ ಎರಡು ರೂಲು ಎಳೆದ ಒಂದು ನೋಟುಪುಸ್ತಕ ಸಾಕು. ಕೋಣೆಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ, ಸೆಕೆಂಡಿನ ಚಿತ್ರಸಂಖ್ಯೆ ಇವನ್ನು ಐದೈದು ನಿಮಿಷಕ್ಕೊಮ್ಮೆ ಬರೆಯಲಿ; ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಬರೆಯಲಿ. ಮಗನು ಹಣ ಕೇಳಲು ಬಂದಾಗ ತಂದೆ ಮೊದಲು ಆ ಪುಸ್ತಕವನ್ನು ಕೇಳಲಿ.