ಬಾಣಂತಿಯಾದ ಹುಡುಗಿಯ ಹೆಸರು ಶಾಲೆಯ ಹಾಜರಿಯಲ್ಲಿ ಉಳಿಯಲಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನಾಗರಿಕ ಬಂಧುಗಳೇ,

ಬಾಲ್ಯವಿವಾಹ ತಡೆಯಬೇಕು ಎಂಬ ಮಾತಿಗೆ ಇವತ್ತು ಎದುರಾಡುವವರಿಲ್ಲ. 2006ರ ಕೇಂದ್ರ ಕಾಯ್ದೆಗೆ ಕರ್ನಾಟಕ ತಂದಿರುವ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಮೂಲದಿಂದಲೇ ಅಸಿಂಧು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದು ಬೇರೆ. ರಾಜ್ಯದ 20ರಿಂದ 24ರ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21ಕ್ಕೂ ಹೆಚ್ಚು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಮ್ಮಿ ಇದೇ ಅಂಕಿ. 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ ಐವರಿಗಿಂತ ಹೆಚ್ಚು ಮಂದಿ ಆಗಲೇ ತಾಯಂದಿರು ಇಲ್ಲವೇ ಬಸುರಿಯರು. ತಡೆಯುವ ಕೆಲಸ ನಡೆಯಲೇಬೇಕು. ಆದರೆ ನಮ್ಮ ತಡೆ ಯಾರನ್ನು ಮುಟ್ಟಲಿಲ್ಲವೋ ಆ ಹುಡುಗಿಯನ್ನು ಶಾಲೆಯೂ ಆಸ್ಪತ್ರೆಯೂ ಲೆಕ್ಕದಿಂದ ಬಿಟ್ಟರೆ, ನಮ್ಮ ಸೋಲಿನ ದಂಡವನ್ನು ಅವಳಿಂದಲೇ ವಸೂಲಿ ಮಾಡಿದಂತಾಗುತ್ತದೆ. ಅವಳ ಓದನ್ನೂ ಆರೋಗ್ಯವನ್ನೂ ಒಟ್ಟಿಗೆ ಕಾಯಬೇಕು, ಒಂದನ್ನು ಬಿಟ್ಟು ಇನ್ನೊಂದು ಉಳಿಯುವುದಿಲ್ಲ ಎಂಬುದು ಈ ಕರಪತ್ರದ ವಾದ.

ಮೊದಲು ದೇಹದ ಮಾತು. ಇಪ್ಪತ್ತು ದಾಟಿದ ತಾಯಂದಿರಿಗಿಂತ ಹದಿಹರೆಯದ ತಾಯಂದಿರಿಗೆ ರಕ್ತದೊತ್ತಡ ಏರಿ ಬರುವ ನಂಜು, ಹೆರಿಗೆಯ ನಂತರದ ಗರ್ಭಕೋಶದ ಸೋಂಕು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರ ಮಕ್ಕಳು ದಿನ ತುಂಬದೆ, ತೂಕವಿಲ್ಲದೆ ಹುಟ್ಟುವ ಸಂಭವವೂ ಹೆಚ್ಚು. ರಾಜ್ಯದ ಹದಿಹರೆಯದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲೇ ರಕ್ತಹೀನತೆ ಇದೆ. ಶಾಲೆಯಲ್ಲಿದ್ದಾಗ ಹುಡುಗಿಗೆ ವಾರಕ್ಕೊಂದು ನೀಲಿ ಐರನ್ ಮಾತ್ರೆ, ಟೀಚರ್ ಎದುರಿಗೇ ನುಂಗಬೇಕು. ಬಸುರಿಯಾದರೆ ದಿನಕ್ಕೊಂದು ಕೆಂಪು ಮಾತ್ರೆ, 180 ದಿನ. ಆದರೆ ಕೆಂಪು ಮಾತ್ರೆ ಸಿಗಬೇಕಾದರೆ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹೆಸರಿರಬೇಕು, ತಾಯಿ ಕಾರ್ಡ್ ಆಗಿರಬೇಕು. ವಯಸ್ಸು ಹೊರಬಿದ್ದರೆ ಕೇಸಾಗುತ್ತದೆಂದು ಹೆದರಿದ ಮನೆಯವರು ಮೂರು ತಿಂಗಳಿಗೆ ಮಾಡಿಸಬೇಕಾದ ಕಾರ್ಡನ್ನು ಆರಕ್ಕೋ ಏಳಕ್ಕೋ ತಳ್ಳಿದರೆ, ಅವಳಿಗೆ ನೀಲಿಯೂ ಇಲ್ಲ, ಕೆಂಪೂ ಇಲ್ಲ. ನಮ್ಮ ಕಡೆ ಸಂಬಂಧಗಳು ಗಡಿ ನೋಡಿ ಬೆಳೆದವಲ್ಲ. ಮುಳಬಾಗಿಲು, ಶ್ರೀನಿವಾಸಪುರದಾಚೆ ಆಂಧ್ರ, ಮಾಲೂರಿನಾಚೆ ತಮಿಳುನಾಡು. ತವರು ಒಂದು ರಾಜ್ಯ, ಅತ್ತೆಮನೆ ಇನ್ನೊಂದಾದರೆ ಕಾರ್ಡ್ ಅಲ್ಲೊಂದು ಇಲ್ಲೊಂದಾಗಿ, ಶಾಲೆಯ ವರ್ಗಾವಣೆ ಪತ್ರ (ಟಿಸಿ) ಕೇಳುವವರೇ ಇಲ್ಲದಾಗುತ್ತದೆ.

ಕಾನೂನು ಸಡಿಲಿಸಿ ಎಂದು ನಾವು ಕೇಳುತ್ತಿಲ್ಲ. ಪೋಕ್ಸೊ ಕಾಯ್ದೆಯಂತೆ ಇಂಥ ಹುಡುಗಿಯ ಬಗ್ಗೆ ವೈದ್ಯರು ಪೊಲೀಸರಿಗೆ ಮಾಹಿತಿ ಕೊಡಲೇಬೇಕು. ಆದರೆ ಅದೇ ಕಾಯ್ದೆಯ 2020ರ ನಿಯಮಗಳಲ್ಲಿ ಹುಡುಗಿಯ ಊಟ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣದ ನೆರವನ್ನು ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು ಎಂದೂ ಇದೆ. ಕೇಸಿನ ಸುದ್ದಿ ಊರೆಲ್ಲ ಗೊತ್ತು, ಈ ನೆರವಿನ ಸುದ್ದಿ ಎಷ್ಟು ಜನಕ್ಕೆ ಗೊತ್ತು?

ಯೋಜನೆಗಳಲ್ಲೂ ಇದೇ ಎಡವಟ್ಟು. ಮೊದಲ ಮಗುವಿಗೆ 5,000 ರೂಪಾಯಿ ಕೊಡುವ ಮಾತೃವಂದನಾ ಯೋಜನೆ ಹದಿನೆಂಟು ವರ್ಷ ಏಳು ತಿಂಗಳು ತುಂಬದವಳಿಗೆ ಸಿಗದು. ಬಾಲ್ಯವಿವಾಹಕ್ಕೆ ಸರ್ಕಾರ ಹಣ ಕೊಟ್ಟಂತಾಗಬಾರದು ಎಂಬುದು ಇದರ ಹಿಂದಿನ ಸಮರ್ಥನೆ. ಆದರೆ ಹೆರಿಗೆಗೆ ನೆರವು ಕೊಡುವ ಜನನಿ ಸುರಕ್ಷಾ ಯೋಜನೆಯಲ್ಲಿದ್ದ ಇಂಥದೇ ವಯಸ್ಸಿನ ಷರತ್ತನ್ನು 2013ರಲ್ಲೇ ಕೇಂದ್ರ ಕೈಬಿಟ್ಟಿತು, ಆಸ್ಪತ್ರೆ ಹೆರಿಗೆ ಯಾರಿಗೂ ತಪ್ಪಬಾರದೆಂದು. ಹೆರಿಗೆಗೆ ಒಪ್ಪಿದ ನ್ಯಾಯ ಪೌಷ್ಟಿಕ ಆಹಾರಕ್ಕೆ ಯಾಕೆ ಒಪ್ಪುವುದಿಲ್ಲ? ಐದು ಸಾವಿರದ ಆಸೆಗೆ ಮಗಳ ಮದುವೆ ಮಾಡುವ ತಂದೆ ಇಲ್ಲ. ಮದುವೆಗೆ ಅವನು ಮಾಡುವ ಸಾಲದ ಬಡ್ಡಿಗೂ ಅದು ಸಾಲದು. ಇನ್ನು ಮಾತೃಪೂರ್ಣ ಯೋಜನೆಯ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ ಅಂಗನವಾಡಿಯಲ್ಲಿ ದಿನವೂ ಇದೆ. ಹಕ್ಕಿನ ಊಟಕ್ಕೆ ತಲೆತಗ್ಗಿಸಿ ಬರುವಂತೆ ಮಾಡದಿರುವುದು ಊರಿನವರ ಕೈಯಲ್ಲಿದೆ.

ಓದಿನ ವಿಷಯ ಇನ್ನೂ ಕಷ್ಟ, ಯಾಕೆಂದರೆ ಇಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ, ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಡ್ಡಾಯ ಶಿಕ್ಷಣದ ಹಕ್ಕು ಹದಿನಾಲ್ಕಕ್ಕೇ ಮುಗಿಯುತ್ತದೆ. ಒಂಬತ್ತು, ಹತ್ತನೇ ತರಗತಿಯ ಹುಡುಗಿ ಬರದೇಹೋದರೆ ಕೇಳುವವರಿಲ್ಲ. ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಾತಿ ಬೇಕು, ಬಾಣಂತನ ಮೂರು ತಿಂಗಳಿಂದ ಐದು ತಿಂಗಳು ಹಿಡಿಯುತ್ತದೆ. ಆದರೂ ದಾರಿಗಳಿವೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮಾರ್ಚ್ ತಪ್ಪಿದರೆ ಮುಂದಿನದಕ್ಕೆ ಕೂರಬಹುದು. ಹಾಜರಾತಿ ಸಾಲದಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ತಾಲ್ಲೂಕು ಕೇಂದ್ರಕ್ಕೆ ಹೋಗಿಬರಲು ಶಕ್ತಿ ಯೋಜನೆಯ ಉಚಿತ ಬಸ್ಸಿದೆ. ಮಗುವನ್ನು ಎಲ್ಲಿ ಬಿಡುವುದು ಎಂಬುದೇ ನಿಜವಾದ ತೊಡಕು. ಉದ್ಯೋಗ ಖಾತರಿ ಕೆಲಸದ ತಾಯಂದಿರಿಗೆಂದು ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆಗಳಲ್ಲಿ ಓದುವ ತಾಯಿಯ ಕೂಸಿಗೂ ಜಾಗ ಕೊಡಲಿ. ಹೊಸ ಕಟ್ಟಡ ಬೇಡ, ಒಂದು ತೊಟ್ಟಿಲು ಹೆಚ್ಚಾದರೆ ಸಾಕು.

‘ಇಂಥವಳು ತರಗತಿಯಲ್ಲಿ ಕೂತರೆ ಉಳಿದ ಹುಡುಗಿಯರೂ ಕೆಡುತ್ತಾರೆ’ ಎಂಬ ಮಾತು ಹೆತ್ತವರ ಬಾಯಲ್ಲಿ ಬರುತ್ತದೆ. ಇದೇ ಕಾರಣ ಹೇಳಿ ಬಸುರಿ ವಿದ್ಯಾರ್ಥಿನಿಯರನ್ನು ಹೊರಹಾಕುತ್ತಿದ್ದ ಟಾಂಜಾನಿಯಾ 2021ರಲ್ಲಿ ಆ ನಿಷೇಧವನ್ನೇ ತೆಗೆದುಹಾಕಿತು. ಕೂಸು ಎತ್ತಿಕೊಂಡು ಪರೀಕ್ಷೆಗೆ ಓದುವವಳನ್ನು ದಿನವೂ ನೋಡುವ ಸಹಪಾಠಿಗೆ ಬೇಗ ಮದುವೆಯಾಗುವ ಆಸೆ ಹುಟ್ಟೀತೆಂದು ನಂಬುವುದು ಕಷ್ಟ. ಬದಲಿಗೆ, ಓದು ನಿಂತವಳಿಗೆ ಇಪ್ಪತ್ತಕ್ಕೆ ಮೊದಲೇ ಎರಡನೇ ಬಸಿರು ನಿಲ್ಲುವ ಅಪಾಯ ಹೆಚ್ಚು. ಹೆರಿಗೆಯಾಗಿ ಎರಡು ವರ್ಷವಾದರೂ ಅಂತರ ಬೇಕೆನ್ನುತ್ತಾರೆ ವೈದ್ಯರು. ಮೂರು ತಿಂಗಳಿಗೊಮ್ಮೆ ಹಾಕುವ ‘ಅಂತರ’ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅತ್ತೆಯ ಎದುರು ಅದನ್ನು ಕೇಳುವ ಧೈರ್ಯ ಬರುವುದು ಮುಂದೆ ಪರೀಕ್ಷೆ ಇದೆ ಎಂದು ಹೇಳಬಲ್ಲವಳಿಗೆ.

ಹಾಗಾಗಿ ನಿಮ್ಮ ಪಂಚಾಯಿತಿಯ ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ, ಯಾರ ಹೆಸರನ್ನೂ ಎತ್ತದೆ, ಇಷ್ಟನ್ನು ಕೇಳಿ: ಎಂಟರಿಂದ ಹತ್ತನೇ ತರಗತಿಯಲ್ಲಿ ಈ ವರ್ಷ ಹಾಜರಿಯಿಂದ ಬಿಟ್ಟುಹೋದ ಹುಡುಗಿಯರೆಷ್ಟು, ಮುಖ್ಯೋಪಾಧ್ಯಾಯರು ಅವರಲ್ಲಿ ಎಷ್ಟು ಮಂದಿಯ ಮನೆಗೆ ಹೋಗಿ ಬಂದರು, ಕೂಸಿನ ಮನೆಯಲ್ಲಿ ಓದುವ ತಾಯಿಯ ಮಗುವಿಗೆ ಜಾಗ ಕೊಡಲು ಪಿಡಿಒ ಒಪ್ಪುತ್ತಾರೆಯೇ. ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಿ.