ಕೀಳುವ ಮುನ್ನ ಎರಡು ನಿಮಿಷ ನೋಡಿ

ಥರ್ಮಾಕೋಲ್ ತುಂಡಿನ ಮೇಲೆ ಎರಡು ರೂಪಾಯಿ ನಾಣ್ಯದಗಲದ ಮಾಂಸದ ಚೂರು, ಸುತ್ತ ಗುಂಡುಸೂಜಿಗಳು. ಕೊಲನೋಸ್ಕೋಪಿ ಮಾಡುವಾಗ ದೊಡ್ಡ ಕರುಳಿನಿಂದ ಬಿಡಿಸಿ ತೆಗೆದ ಗಂಟನ್ನು ಫಾರ್ಮಲಿನ್‌ಗೆ ಹಾಕುವ ಮೊದಲು ಹೀಗೆ ಹರವಿ ಚುಚ್ಚಿಡಬೇಕು. ಇಲ್ಲವಾದರೆ ಅಂಚು ಮುದುಡಿಕೊಳ್ಳುತ್ತದೆ. ಆಮೇಲೆ ಕ್ಯಾನ್ಸರ್ ಎಷ್ಟು ಆಳಕ್ಕಿಳಿದಿತ್ತು ಎಂದು ಅಳೆಯಲು ಪೆಥಾಲಜಿಸ್ಟ್ ಪರದಾಡಬೇಕು.

ಅಳೆಯುವುದಾದರೂ ಎಷ್ಟನ್ನು? ಒಂದು ಮಿಲಿಮೀಟರನ್ನು. ಕ್ಯಾನ್ಸರ್ ಕರುಳಿನ ಒಳಗಿನ ಲೋಳೆಪೊರೆಯಲ್ಲೇ ನಿಂತಿದ್ದರೆ ಗಂಟು ತೆಗೆದರೆ ಮುಗಿಯಿತು. ಅದರ ಕೆಳಗಿನ ಪದರಕ್ಕೆ ಇಳಿದರೆ ದುಗ್ಧನಾಳಗಳು ಸಿಗುತ್ತವೆ. ಹಾಗೆ ಕ್ಯಾನ್ಸರ್ ಇಳಿದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ದುಗ್ಧಗ್ರಂಥಿಗೂ ಹರಡಿರುತ್ತದೆ. ಜಪಾನಿನಲ್ಲಿ ಇಂಥ 865 ಪ್ರಕರಣಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಟ್ಟಿಲ್ಲದ ಗಂಟುಗಳ ಪೈಕಿ ಒಂದು ಮಿಲಿಮೀಟರಿಗಿಂತ ಕಡಿಮೆ ಇಳಿದಿದ್ದ ಒಂದರಲ್ಲೂ ಗ್ರಂಥಿಗೆ ಹರಡಿರಲಿಲ್ಲ. ಆ ಗೆರೆ ದಾಟಿದರೆ ಕರುಳಿನ ಭಾಗವನ್ನೇ ಕತ್ತರಿಸುವ ಮಾತು ಬರುತ್ತದೆ.

ಕೀಳುವ ಮೊದಲೇ ಆಳವನ್ನು ಅಂದಾಜು ಮಾಡಬಹುದು. ಗಂಟಿನ ಮೇಲ್ಮೈಯ ಸೂಕ್ಷ್ಮ ಕುಳಿಗಳ ವಿನ್ಯಾಸ ಓದುವುದನ್ನು ಕಲಿಸಿಕೊಟ್ಟವರು ಜಪಾನಿನ ಶಿನ್-ಎಯ್ ಕುಡೊ. ಕುಳಿಗಳ ಸಾಲು ಕೆಟ್ಟು, ಕೊನೆಗೆ ಮಾಯವಾದರೆ ಆಳಕ್ಕೆ ಇಳಿದಿದೆ ಎಂದೇ ಲೆಕ್ಕ. ಇದಕ್ಕೆ ಬಳಿಯುವ ಬಣ್ಣ ಕ್ರಿಸ್ಟಲ್ ವಯಲೆಟ್. ಹಿಂದೆ ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಅದೇ ನೇರಳೆ ಔಷಧ! ಬಣ್ಣ ಬೇಡವೆಂದರೆ ನೀಲಿ-ಹಸಿರು ಬೆಳಕಿನಲ್ಲಿ ರಕ್ತನಾಳಗಳ ಚಿತ್ರವನ್ನು ಹಿಗ್ಗಿಸಿ ನೋಡುವ ವಿಧಾನವೂ ಇದೆ.

ಇಷ್ಟಿದ್ದೂ ಕಂಡ ಕೂಡಲೇ ಬಯಾಪ್ಸಿಗೆಂದು ನಾಲ್ಕು ಕಡೆ ಚಿವುಟುವುದು, ಇಲ್ಲವೇ ತುಣುಕು ತುಣುಕಾಗಿ ಕಿತ್ತು ಡಬ್ಬಿಗೆ ಹಾಕುವುದು ಸರಿಯಲ್ಲ. ಚಿವುಟಿದ ಜಾಗ ಗಾಯವಾಗಿ ಅಂಟಿಕೊಂಡರೆ, ಆಮೇಲೆ ಬಿಡಿಸಿ ತೆಗೆಯಲೆಂದು ಕೆಳಗೆ ಸಲೈನ್ ಚುಚ್ಚಿದರೂ ಗಂಟು ಮೇಲೇಳುವುದಿಲ್ಲ. ಚೂರಾದ ಗಂಟಿನಲ್ಲಿ ಅಂಚು ಯಾವುದು, ತಳ ಯಾವುದು? ‘ಹೇಳಲಾಗದು’ ಎಂಬ ಒಂದು ಸಾಲಿನ ವರದಿಯಿಂದ ಬೇಡದ ಆಪರೇಷನ್ ಆಗಿಬಿಡಬಹುದು.

ಹಾಗೆಂದು ಮಿಲಿಮೀಟರನ್ನೇ ದೇವರು ಮಾಡುವುದೂ ತಪ್ಪು. 67 ಅಧ್ಯಯನಗಳ 21,238 ರೋಗಿಗಳ ಮಾಹಿತಿ ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಆಳವೊಂದನ್ನು ಬಿಟ್ಟರೆ ಬೇರೆ ಅಪಾಯದ ಗುರುತಿಲ್ಲದವರಲ್ಲಿ ಗ್ರಂಥಿಗೆ ಹರಡಿದ್ದು ಶೇ 2.6 ಮಾತ್ರ. ನಾಳಗಳೊಳಗೆ ಕ್ಯಾನ್ಸರ್ ಕೋಶ ನುಗ್ಗಿದೆಯೇ, ಗಡ್ಡೆಯ ಮುಂಚೂಣಿಯಲ್ಲಿ ಮೊಗ್ಗುಗಳಂತೆ ಕೋಶಗಳು ಚದುರಿವೆಯೇ ಎಂಬುದನ್ನೂ ವರದಿ ಹೇಳಬೇಕು. ಹೃದಯ ದುರ್ಬಲವಾದ 80ರ ಅಜ್ಜನಿಗೆ ಆಪರೇಷನ್ ಬೇಕೇ ಎಂದು ಮನೆಯವರು ಕೇಳಿದಾಗ, ಡಾಕ್ಟರು ಉತ್ತರ ಹುಡುಕುವುದು ಈ ಸಾಲುಗಳಲ್ಲೇ.