ಅಂಗಳದಲ್ಲಿ ಬಿಸಿಲು, ಹೊಳೆಯಲ್ಲಿ ನೆರೆ

"ರೆಡ್ ಅಲರ್ಟ್ ಅಂತೆ! ನೋಡಿದರೆ ಅಂಗಳದಲ್ಲಿ ಹಾಕಿದ ಬಟ್ಟೆ ಒಣಗಿ ಗರಿಗರಿಯಾಗಿದೆ." ಮಳೆಗಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಈ ಮಾತು ಕೇಳದ ವಾರವಿಲ್ಲ. ಹವಾಮಾನದವರು ಹೇಳಿದ್ದು ಸುಳ್ಳಾಯಿತೆಂದು ನಕ್ಕು, ಮಕ್ಕಳು ಹೊಳೆಯ ಕಡೆ ಹೋಗುತ್ತೇವೆಂದರೆ ಹೂಂ ಎಂದುಬಿಡುತ್ತೇವೆ. ಈ ತಿಂಗಳು ಅದೇ ವಿಷಯ ಬರೆಯೋಣವೆಂದುಕೊಂಡಿದ್ದೇವೆ. ನಮ್ಮ ಅಂಗಳದ ಮೇಲಿರುವ ಆಕಾಶಕ್ಕೂ ನಮ್ಮ ಹೊಳೆಯಲ್ಲಿರುವ ನೀರಿಗೂ ಸಂಬಂಧ ನಾವು ತಿಳಿದಷ್ಟಿಲ್ಲ. ಕಡಲಿಗಂತೂ ಕೆಲವೊಮ್ಮೆ ಏನೇನೂ ಇಲ್ಲ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕೂ ಇದೆ. ಕಾಸರಗೋಡು ಜಿಲ್ಲೆಗೆ ಮಳೆಯ ಎಚ್ಚರಿಕೆ ಕೊಡುವುದು ತಿರುವನಂತಪುರದ ಹವಾಮಾನ ಕೇಂದ್ರ. ಅದು ಟಿ.ವಿ.ಯಲ್ಲೂ ಮೊಬೈಲಿನಲ್ಲೂ ನಮಗೆ ತಲುಪುವುದು ಹೆಚ್ಚಾಗಿ ಮಲಯಾಳದಲ್ಲಿ. ನಾವು ಓದುವ ಕನ್ನಡ ಪತ್ರಿಕೆ ಬರುವುದು ಮಂಗಳೂರಿನಿಂದ. ಅದರ ಮುಖಪುಟದಲ್ಲಿ ಇರುವುದು ದಕ್ಷಿಣ ಕನ್ನಡದ ಎಚ್ಚರಿಕೆ, ಅದು ಬೆಂಗಳೂರು ಕೇಂದ್ರದ್ದು. ಶಾಲೆಯ ರಜೆಯ ಕತೆಯೂ ಹಾಗೆಯೇ. ಅಲ್ಲಿನ ಜಿಲ್ಲಾಧಿಕಾರಿ ರಜೆ ಕೊಟ್ಟರೆ ಇಲ್ಲಿ ಇರಬೇಕೆಂದಿಲ್ಲ, ಇಲ್ಲಿನ ಕಲೆಕ್ಟರ್ ಕೊಟ್ಟದ್ದು ತಲಪಾಡಿಯ ಆಚೆಗೆ ಅನ್ವಯಿಸುವುದಿಲ್ಲ. ಹಾಗಾದರೆ ನಾವು ನೋಡಬೇಕಾದದ್ದು ಯಾವುದನ್ನು? ಎರಡನ್ನೂ ನೋಡಬೇಕು. ಏಕೆಂದು ಮುಂದೆ ಹೇಳುತ್ತೇವೆ. ಮೊದಲು ಬಣ್ಣಗಳ ಲೆಕ್ಕ ತಿಳಿದುಕೊಳ್ಳೋಣ.

ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗಿನ 24 ಗಂಟೆಗಳನ್ನು ಹವಾಮಾನ ಇಲಾಖೆ ಒಂದು ದಿನವೆಂದು ಎಣಿಸುತ್ತದೆ. ಆ ಅವಧಿಯಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಮಳೆ ಬಂದರೆ ಅದು ಭಾರೀ ಮಳೆ. 115.6ರಿಂದ 204.4ರವರೆಗೆ ಅತಿ ಭಾರೀ, ಅದಕ್ಕೂ ಮೇಲಾದರೆ ಅತ್ಯಂತ ಭಾರೀ. ಕೇರಳದಲ್ಲಿ ಈ ಮೂರಕ್ಕೆ ಕ್ರಮವಾಗಿ ಹಳದಿ, ಕಿತ್ತಳೆ, ಕೆಂಪು ಬಣ್ಣ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಮಿಲಿಮೀಟರ್ ಎಂದಾಗ ಕಣ್ಣಿಗೆ ಏನೂ ಕಟ್ಟುವುದಿಲ್ಲ, ಆದುದರಿಂದ ಹೀಗೆ ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮನೆ, ಹಿತ್ತಿಲು ಸೇರಿ 10 ಸೆಂಟ್ಸ್ ಜಾಗ ಇದೆಯೆಂದುಕೊಳ್ಳಿ. ಕೆಂಪು ಎಚ್ಚರಿಕೆಯ ಮಳೆ ಆ ಜಾಗದ ಮೇಲೆ ಒಂದೇ ದಿನದಲ್ಲಿ ಸುರಿಯುವುದು 82 ಸಾವಿರ ಲೀಟರಿಗೂ ಹೆಚ್ಚು, ಅಂದರೆ 5,000 ಲೀಟರಿನ ಟ್ಯಾಂಕರಿನಲ್ಲಿ 16 ಟ್ಯಾಂಕರ್ ತುಂಬಿಯೂ ಮಿಗುವಷ್ಟು. ನೆರೆಮನೆಯವರದ್ದು, ಗುಡ್ಡೆಯದ್ದು, ರಸ್ತೆಯದ್ದು ಬೇರೆ. ಇದೆಲ್ಲ ಹೋಗಿ ಸೇರುವುದು ಅದೇ ತೋಡಿಗೆ.

ಬಣ್ಣ ಕೊಡುವುದು ಇಡೀ ಜಿಲ್ಲೆಗೆ. ಮಂಜೇಶ್ವರದ ಅಂಗಳಕ್ಕೊಂದು, ಮುಳ್ಳೇರಿಯದ ತೋಟಕ್ಕೊಂದು ಎಂದು ಯಾರೂ ಕೊಡುವುದಿಲ್ಲ. ಜಿಲ್ಲೆಯ ಪೂರ್ವದ ಗುಡ್ಡಗಳಲ್ಲಿ ಮಳೆ ಹೊಡೆದು ಕಡಲ ಕರೆಯಲ್ಲಿ ಬಿಸಿಲಿದ್ದರೆ ಎಚ್ಚರಿಕೆ ಸುಳ್ಳಾಯಿತೆಂದು ಅರ್ಥವಲ್ಲ.

ಇನ್ನು ನಮ್ಮ ಹೊಳೆಗಳನ್ನೇ ನೋಡಿ. ಮಂಜೇಶ್ವರ ಹೊಳೆಯ ಉದ್ದ ಬರೇ 16 ಕಿಲೋಮೀಟರ್, ಕೇರಳದ ಹೊಳೆಗಳಲ್ಲೇ ಅತಿ ಚಿಕ್ಕದು. ಹುಟ್ಟುವುದು ಬಾಳೆಪುಣಿಯ ಗುಡ್ಡದಲ್ಲಿ, ಗಡಿಯ ಆಚೆ. ಉಪ್ಪಳ ಹೊಳೆ 50 ಕಿಲೋಮೀಟರ್, ಅದರ ಮೂಲ ವೀರಕಂಭದ ಬೆಟ್ಟ, ಅದೂ ಕರ್ನಾಟಕವೇ. 67 ಕಿಲೋಮೀಟರಿನ ಶಿರಿಯ ಹೊಳೆ ಬರುವುದೂ ಆಚೆಯ ಕಾಡಿನಿಂದ. ಎಲ್ಲಕ್ಕಿಂತ ದೊಡ್ಡದು 105 ಕಿಲೋಮೀಟರಿನ ಚಂದ್ರಗಿರಿ, ನಮ್ಮ ಹಿರಿಯರ ಬಾಯಲ್ಲಿ ಪಯಸ್ವಿನಿ. ಕೊಡಗಿನ ಘಟ್ಟದಲ್ಲಿ ಹುಟ್ಟಿ ಸುಳ್ಯ, ಜಾಲ್ಸೂರು ದಾಟಿ ನಮ್ಮಲ್ಲಿಗೆ ಬರುತ್ತದೆ. ನೀರಿಗೆ ಚೆಕ್‌ಪೋಸ್ಟ್ ಇಲ್ಲವಲ್ಲ! ಆದುದರಿಂದಲೇ ಎರಡೂ ಕಡೆಯ ಎಚ್ಚರಿಕೆ ನೋಡಬೇಕೆಂದದ್ದು. ನಮ್ಮ ಜಿಲ್ಲೆಗೆ ಹಳದಿ ಇದ್ದರೂ ಕೊಡಗಿಗೋ ದಕ್ಷಿಣ ಕನ್ನಡಕ್ಕೋ ಕೆಂಪು ಇದ್ದರೆ, ಹೊಳೆಯ ಬದಿಯ ಮನೆಗಳವರಿಗೆ ಆ ದಿನ ಕೆಂಪು ಎಂದೇ ತಿಳಿಯುವುದು ಒಳ್ಳೆಯದು. 2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿ–ಸಂಪಾಜೆ ದಾರಿಯ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಜರಿದದ್ದು ಎಲ್ಲರಿಗೂ ನೆನಪಿರಬಹುದು. ಸಂಪಾಜೆಯ ಕಣಿವೆಗೆ ಇಳಿದ ನೀರಿಗೆ ಪಯಸ್ವಿನಿಯಲ್ಲದೆ ಬೇರೆ ದಾರಿ ಇರಲಿಲ್ಲ.

ಮಳೆ ನಿಂತ ಕೂಡಲೇ ಹೊಳೆ ಇಳಿಯುವುದೂ ಇಲ್ಲ. ಗುಡ್ಡೆಯ ನೀರು ತೋಡಿಗೆ, ತೋಡಿನದ್ದು ಹೊಳೆಗೆ ಬರಲು ಹೊತ್ತು ಬೇಕು. ಉದ್ದದ ಹೊಳೆಯಾದರೆ ಮೇಲಿನ ನೀರು ಕೆಳಗೆ ತಲುಪುವಾಗ ನಮ್ಮಲ್ಲಿ ಮಳೆ ಬಿಟ್ಟು ಎಷ್ಟೋ ಗಂಟೆ ಆಗಿರಬಹುದು. ಮಂಜೇಶ್ವರದಂಥ ಗಿಡ್ಡ ಹೊಳೆಯ ರೀತಿ ಬೇರೆ. ಅದು ಬೇಗ ಏರಿ ಬೇಗ ಇಳಿಯುತ್ತದೆ, ಯೋಚಿಸಲು ಸಮಯ ಕೊಡುವುದಿಲ್ಲ. ತಿಳಿಯಾಗಿದ್ದ ನೀರು ಒಮ್ಮೆಲೇ ಕೆಂಪಾದರೆ, ತರಗೆಲೆ, ಕಡ್ಡಿ, ತೆಂಗಿನ ಮಡಲು ತೇಲಿ ಬರತೊಡಗಿದರೆ, ಮೇಲಿನಿಂದ ನೀರು ಬರುತ್ತಿದೆ ಎಂದೇ ತಿಳಿಯಬೇಕು. ಬಟ್ಟೆಯ ಬಕೆಟ್ ಅಲ್ಲೇ ಇದ್ದರೂ ಇರಲಿ, ಮೊದಲು ದಡ ಹತ್ತಬೇಕು.

ರಜೆಯ ವಿಚಾರ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನೀರಿನ ಭಯದಿಂದ ಶಾಲೆಗೆ ರಜೆ ಕೊಡುತ್ತಾರೆ, ರಜೆ ಸಿಕ್ಕಿದ ಮಕ್ಕಳು ನೀರಿಗೇ ಹೋಗುತ್ತಾರೆ! ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಆ ದಿನ ಮಕ್ಕಳನ್ನು ನೋಡಿಕೊಳ್ಳುವವರು ಅಜ್ಜ ಅಜ್ಜಿ ಮಾತ್ರ. "ಅಜ್ಜಿ, ಮಳೆಯೇ ಇಲ್ಲ, ಗೆಳೆಯನ ಮನೆಗೆ ಹೋಗಿ ಬರ್ತೇನೆ" ಎಂದರೆ ಅಜ್ಜಿ ಏನು ಮಾಡಿಯಾರು? ವಾಳೆಯಲ್ಲಿ ಹತ್ತಿರದ ನಾಲ್ಕು ಮನೆಯವರು ಮೊದಲೇ ಮಾತಾಡಿಕೊಂಡು, ರಜೆಯ ದಿನ ಮಕ್ಕಳೆಲ್ಲ ಯಾರದಾದರೂ ಒಂದು ಮನೆಯಲ್ಲಿ ಇರುವಂತೆ ಮಾಡಿದರೆ ದೊಡ್ಡ ಉಪಕಾರ. ಗುರಿಕಾರರು ವಾಟ್ಸಾಪಿನಲ್ಲಿ ಸಭೆಯ ಸೂಚನೆ ಕಳುಹಿಸುವ ಹಾಗೆ, ಕಿತ್ತಳೆ ಅಥವಾ ಕೆಂಪು ಬಣ್ಣ ಇದ್ದ ದಿನ ಅದನ್ನೂ ಕನ್ನಡದಲ್ಲಿ ಒಂದು ಸಾಲು ಬರೆದು ಹಾಕಿದರೆ ಮಲಯಾಳ ಓದಲು ಬಾರದ ಹಿರಿಯರಿಗೂ ಗೊತ್ತಾಗುತ್ತದೆ. ಆದರೆ ಹವಾಮಾನ ಇಲಾಖೆಯದ್ದೋ ಜಿಲ್ಲಾಡಳಿತದ್ದೋ ಆಗಿದ್ದರೆ ಮಾತ್ರ ಕಳುಹಿಸಿ. ಕಳೆದ ವರ್ಷದ ನೆರೆಯ ಫೋಟೋವನ್ನು ಇವತ್ತಿನದೆಂದು ಕಳುಹಿಸುವ ಚಟ ನಮ್ಮಲ್ಲೂ ಕೆಲವರಿಗಿದೆ.

ಮಳೆ ಯಾವಾಗಲೂ ಶಾಲೆ ಶುರುವಾಗುವವರೆಗೆ ಕಾಯುತ್ತದೆಂದು ನಂಬುವಂತಿಲ್ಲ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಬೇಸಿಗೆ ರಜೆ ಮುಗಿದಿರಲಿಲ್ಲ, ಮಂಗಳೂರಿನಿಂದಲೂ ಮುಂಬಯಿಯಿಂದಲೂ ಬಂದ ನೆಂಟರ ಮಕ್ಕಳು ಮನೆಗಳಲ್ಲೇ ಇದ್ದ ಸಮಯ ಅದು. ಏಪ್ರಿಲಿನಲ್ಲಿ ಮೊಣಕಾಲುದ್ದ ನೀರಿದ್ದ ಸ್ನಾನದ ಗುಂಡಿಯನ್ನು ಅದೇ ಗುಂಡಿ ಎಂದು ತಿಳಿದು ಈ ಮಕ್ಕಳು ಇಳಿದುಬಿಡುತ್ತಾರೆ. ಒಂದು ನೆರೆ ಬಂದು ಹೋದರೆ ಸಾಕು, ಹೊಯಿಗೆ ಕೊಚ್ಚಿಹೋಗಿ ಅಡಿ ಎಲ್ಲಿದೆಯೆಂದೇ ತಿಳಿಯದು.

ಹೊಳೆ, ತೋಡು ಹತ್ತಿರ ಇಲ್ಲದವರು ಈ ಮಾತು ತಮಗಲ್ಲ ಎಂದುಕೊಳ್ಳಬಾರದು. ನಮ್ಮ ಗುಡ್ಡೆಗಳ ಮೇಲೆ ಕೆಂಪುಕಲ್ಲು ಕಡಿದು ಹಾಗೆಯೇ ಬಿಟ್ಟ ಕೋರೆಗಳು ಎಷ್ಟಿವೆ! ಮಳೆಗಾಲದಲ್ಲಿ ಅವು ತುಂಬಿ ಕೆರೆಯ ಹಾಗೆ ಕಾಣುತ್ತವೆ. ಆದರೆ ಕೆರೆಗೆ ಮೆಟ್ಟಿಲಿದೆ, ಓರೆಯಾದ ದಂಡೆ ಇದೆ, ಕೋರೆಗೆ ಅದಾವುದೂ ಇಲ್ಲ. ಯಂತ್ರದಿಂದ ಕೊಯ್ದ ಕಲ್ಲಿನ ಗೋಡೆ ನೆಟ್ಟಗೆ ಇಳಿದಿರುತ್ತದೆ, ಮಳೆಗೆ ಪಾಚಿ ಕಟ್ಟಿರುತ್ತದೆ. ಈಜು ಬಲ್ಲವನಿಗೂ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಹೊಳೆಗಿಂತಲೂ ಈ ಕೋರೆಗಳೇ ಹೆಚ್ಚು ಅಪಾಯಕಾರಿ, ಏಕೆಂದರೆ ಹೊಳೆಯ ಸೆಳೆತ ಕಂಡು ಮಕ್ಕಳು ಹೆದರಿಯಾರು, ನಿಂತ ನೀರಿಗೆ ಯಾರೂ ಹೆದರುವುದಿಲ್ಲ. ನಿಮ್ಮ ಜಾಗದಲ್ಲಿ ಹಳೆ ಕೋರೆ ಇದ್ದರೆ ಮುಚ್ಚಿಸಿ, ಅದಾಗದಿದ್ದರೆ ಸುತ್ತ ಬೇಲಿ ಹಾಕಿಸಿ. ಮದಕಗಳಿಗೂ ತೋಟದ ಕೆರೆಗಳಿಗೂ ಇದೇ ಮಾತು. ಕಲ್ಲು ಕಟ್ಟದ ಮಣ್ಣಿನ ಬಾವಿಗಳು ಮಳೆ ಹಿಡಿದಾಗ ಕುಸಿಯುವುದುಂಟು. ಬಾವಿಯ ಸುತ್ತ ನೆಲ ಬಿರುಕು ಬಿಟ್ಟಿದ್ದರೆ ನೀರು ಸೇದಲು ಹತ್ತಿರ ಹೋಗಬೇಡಿ.

ರಸ್ತೆಯ ಮೇಲೆ ಹರಿಯುವ ನೀರೂ ನೀರೇ. ಆರಿಂಚು ನೀರು ರಭಸದಿಂದ ಹರಿದರೆ ದೊಡ್ಡವರನ್ನೂ ಬೀಳಿಸುತ್ತದೆ. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡಡಿ ಆದರೆ ಹೆಚ್ಚಿನ ವಾಹನಗಳನ್ನು ಒಯ್ಯಬಲ್ಲದು. ಸಂಕ ಮುಳುಗಿದ್ದರೆ ದಾಟಬೇಡಿ. ಕಂಗಿನ ಮರದ ಸಂಕವಂತೂ ನೀರಿನ ಕೆಳಗೆ ಇನ್ನೂ ಇದೆಯೋ ಇಲ್ಲವೋ ಯಾರು ಬಲ್ಲರು?

ಕಡಲಿನ ವಿಷಯ ಇನ್ನೂ ವಿಚಿತ್ರ. ಮಳೆಗಾಲದ ಕಡಲು ಕಂಡರೆ ಯಾರಿಗಾದರೂ ಭಯವಾಗುತ್ತದೆ. ಆದರೆ ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ, ಗಾಳಿ ಇಲ್ಲದೆ ಮಳೆ ಇಲ್ಲದೆ ಆಕಾಶ ಸ್ವಚ್ಛವಾಗಿರುವಾಗಲೇ ಕಡಲು ಒಮ್ಮೆಲೇ ಏರಿ ಬರುವುದುಂಟು. ಕೇರಳದ ಮೀನುಗಾರರು ಇದಕ್ಕೆ ಇಟ್ಟ ಹೆಸರು 'ಕಳ್ಳಕ್ಕಡಲ್', ಕಳ್ಳನಂತೆ ಬರುವ ಕಡಲು. ಈ ಹೆಸರನ್ನು 2012ರಲ್ಲಿ ಯುನೆಸ್ಕೋ ಕೂಡ ಶಾಸ್ತ್ರೀಯ ಪದವಾಗಿ ಒಪ್ಪಿಕೊಂಡಿತು. ಭೂಮಧ್ಯರೇಖೆಯಿಂದ ಬಹಳ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯಿಂದ ಹುಟ್ಟಿದ ಅಲೆಗಳು ಕೆಲವು ದಿನ ಸಾಗಿ ನಮ್ಮ ಕರೆಗೆ ಬಂದು ಹೊಡೆಯುತ್ತವೆ. ಆ ಗಾಳಿ ನಮ್ಮಲ್ಲಿಗೆ ಬಂದೇ ಇರುವುದಿಲ್ಲ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸಂಸ್ಥೆ ಇಂಕಾಯ್ಸ್ ಇದರ ಮುನ್ಸೂಚನೆ ಕೊಡುತ್ತದೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಕಡಲ ತೀರಕ್ಕೆ ಬಂದಿದ್ದ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ 5 ಮಂದಿ ಅಲೆಗೆ ಸಿಕ್ಕಿ ತೀರಿಕೊಂಡರು. ಆ ದಿನಗಳಲ್ಲಿ ಕಳ್ಳಕ್ಕಡಲಿನ ಎಚ್ಚರಿಕೆ ಪ್ರಕಟವಾಗಿತ್ತು.

ನಮ್ಮ ಯುವಜನರ ಪಿಕ್‌ನಿಕ್ ಹೊರಡುವುದೂ ಹೆಚ್ಚಾಗಿ ಅದೇ ತಿಂಗಳುಗಳಲ್ಲಿ, ಕಣ್ವತೀರ್ಥಕ್ಕೋ ಬೇಕಲಕ್ಕೋ. ಬಸ್ಸು ಗೊತ್ತುಮಾಡುವಾಗ, ಊಟಕ್ಕೆ ಹೇಳುವಾಗ, ಹಿಂದಿನ ದಿನ ಕಡಲಿನ ಎಚ್ಚರಿಕೆ ನೋಡುವ ಕೆಲಸವನ್ನೂ ಒಬ್ಬರಿಗೆ ವಹಿಸಿಕೊಡಿ. ಎಚ್ಚರಿಕೆ ಇಲ್ಲದ ದಿನವೂ ನೆನಪಿಡಬೇಕಾದ ಒಂದು ಸಂಗತಿ ಇದೆ. ಎರಡೂ ಬದಿಯಲ್ಲಿ ಅಲೆ ಒಡೆದು ನೊರೆ ಏಳುತ್ತಿದ್ದು, ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ತುಸು ಕಪ್ಪಾಗಿ ಕಂಡರೆ ಮಕ್ಕಳು ಆಡಲು ಅದೇ ಜಾಗ ಆರಿಸುತ್ತಾರೆ. ದಡಕ್ಕೆ ಬಂದ ನೀರೆಲ್ಲ ತಿರುಗಿ ಕಡಲಿಗೆ ಹೋಗುವ ದಾರಿ ಅದು. ಅದರಲ್ಲಿ ಸಿಕ್ಕಿದರೆ ದಡದ ಕಡೆಗೆ ಈಜಿ ಆಯಾಸ ಮಾಡಿಕೊಳ್ಳಬಾರದು. ಆ ಸೆಳೆತ ಅಗಲವಿರುವುದಿಲ್ಲ, ದಡಕ್ಕೆ ಸಮನಾಗಿ ಬದಿಗೆ ಈಜಿ ಹೊರಬಂದು, ನಂತರ ಅಲೆ ಒಡೆಯುವ ಕಡೆಯಿಂದ ದಡಕ್ಕೆ ಬರಬೇಕು. ಈಜಲಾಗದಿದ್ದರೆ ತೇಲುತ್ತಾ ಕೈ ಎತ್ತಿ ಕರೆಯಬೇಕು. ಹೊಳೆ ಕಡಲು ಸೇರುವ ಅಳಿವೆಯ ಬಾಗಿಲಲ್ಲಿ ಮಾತ್ರ ಯಾವ ದಿನವೂ ನೀರಿಗೆ ಇಳಿಯಬೇಡಿ.

ಯಾರಾದರೂ ಮುಳುಗುತ್ತಿದ್ದರೆ ನಾವು ಮಾಡುವ ಮೊದಲ ಕೆಲಸ ಹಾರುವುದು. ಒಬ್ಬನನ್ನು ಉಳಿಸಲು ಹೋಗಿ ಅಣ್ಣ ತಮ್ಮ ಇಬ್ಬರೂ ಹೋದ ಸುದ್ದಿಯನ್ನು ಪ್ರತಿ ವರ್ಷ ಓದುತ್ತೇವೆ. ಮುಳುಗುವವನು ಸಿನೆಮಾದಲ್ಲಿ ತೋರಿಸುವಂತೆ ಬೊಬ್ಬೆ ಹೊಡೆಯುವುದು ಕಡಿಮೆ, ಉಸಿರು ಎಳೆಯುವುದೇ ಕಷ್ಟವಾದಾಗ ಕೂಗುವುದೆಲ್ಲಿಂದ ಬಂತು? ಹತ್ತಿರ ಹೋದವರನ್ನು ತಬ್ಬಿ ಹಿಡಿಯುತ್ತಾನೆ. ದಡದಲ್ಲಿ ಮಲಗಿ ಅಡಿಕೆ ಕೊಯ್ಯುವ ದೋಟಿ ಚಾಚಿ, ಸೀರೆಯನ್ನೋ ಲುಂಗಿಯನ್ನೋ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು ಒಬ್ಬ ಮನುಷ್ಯ ಹಿಡಿದು ತೇಲಲು ಒಳ್ಳೆಯ ಆಸರೆ. ಅದೇ ಹೊತ್ತಿಗೆ ಇನ್ನೊಬ್ಬರು 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಫೋನ್ ಮಾಡಲಿ. ಕಡಲಿನಲ್ಲಾದರೆ ಕೋಸ್ಟ್ ಗಾರ್ಡಿನ 1554. ಮಳೆ, ನೆರೆಯ ಮಾಹಿತಿಗೆ ಜಿಲ್ಲಾ ತುರ್ತು ಕೇಂದ್ರದ ಸಂಖ್ಯೆ 1077.

ಮೇಲೆ ತಂದವರನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮೂರಲ್ಲಿ ಇಂದಿಗೂ ನಡೆಯುತ್ತದೆ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ, ಅಮೂಲ್ಯ ನಿಮಿಷಗಳೂ ಹಾಳು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ನೀರಿಗೆ ಬಿದ್ದವರಿಗೆ ಮೊದಲು ಬೇಕಾದದ್ದು ಗಾಳಿ. ನಂತರ ಎದೆಯ ನಡುವೆ 30 ಬಾರಿ ಬಲವಾಗಿ ಒತ್ತಿ 2 ಉಸಿರು, ಪುನಃ 30 ಒತ್ತು, ಸಹಾಯ ಬರುವವರೆಗೂ ಬಿಡದೆ. ಎಚ್ಚರವಾಗಿ ಮಾತಾಡತೊಡಗಿದರೂ ಆಸ್ಪತ್ರೆಗೆ ಒಯ್ಯಲೇಬೇಕು, ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ಗಂಟೆಗಳ ನಂತರ ಉಸಿರಾಟ ಕೆಡಬಹುದು. ಇದನ್ನು ಓದಿ ಕಲಿಯುವುದಕ್ಕಿಂತ ಮಾಡಿ ಕಲಿಯಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ ದಾದಿಯರಾಗಿ ದುಡಿಯುವ, ದುಡಿದು ನಿವೃತ್ತರಾದ ಅಕ್ಕಂದಿರು ಬೇಕಾದಷ್ಟಿದ್ದಾರೆ. ಒಂದು ಭಾನುವಾರ ಪೂಜೆಯ ನಂತರ ಅರ್ಧ ಗಂಟೆ, ಒಂದು ದಿಂಬು ಇಟ್ಟುಕೊಂಡು ಅವರು ತೋರಿಸಿಕೊಡಬಲ್ಲರು. ಕೇಳಿದರೆ ಇಲ್ಲವೆನ್ನಲಾರರು.